ಬ್ಯಾಟರಿ ತ್ರಿಚಕ್ರ ಗಾಡಿ ನಿಂತರೆ ಮೋಟಾರ್ ಸುಟ್ಟಿತೆಂದು ತಿಳಿಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ವಿಕಲಚೇತನರಿಗೆ ಬ್ಯಾಟರಿಚಾಲಿತ ತ್ರಿಚಕ್ರ ವಾಹನಗಳನ್ನು ವಿತರಿಸಿದ ಸುದ್ದಿ ಫೋಟೊ ಸಮೇತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಬೇಕಾದದ್ದೇ. ಆದರೆ ಹಾಗೆ ಕೊಟ್ಟ ವಾಹನಗಳು ಎರಡು ಮೂರು ವರ್ಷಗಳ ಮೇಲೆ ಏನಾದವು ಎಂಬುದು ಎಲ್ಲಿಯೂ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಕುಂದಗೋಳ, ನವಲಗುಂದ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಇಂಥ ಗಾಡಿಗಳು ಪಡಸಾಲೆಯ ಮೂಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ತಾಡಪತ್ರಿ ಹೊದ್ದುಕೊಂಡು ನಿಂತಿರುವುದನ್ನು, ವೃತ್ತಿಯಿಂದ ಆಟೊ ಎಲೆಕ್ಟ್ರಿಷಿಯನ್ ಆಗಿರುವ ನಾನು ನೋಡುತ್ತಲೇ ಬಂದಿದ್ದೇನೆ. ಮನೆಯವರನ್ನು ಕೇಳಿದರೆ ‘ಮೋಟಾರ್ ಸುಟ್ಟೈತಂತ್ರಿ’ ಎಂದೋ ‘ಕಂಟ್ರೋಲರ್ ಹೋಗೇತಂತ್ರಿ’ ಎಂದೋ ಉತ್ತರ ಬರುತ್ತದೆ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್. ಯಾರು ಹೇಳಿದರು, ಏನನ್ನು ಪರೀಕ್ಷಿಸಿ ಹೇಳಿದರು ಎಂದು ಕೇಳಿದರೆ ಉತ್ತರವಿರುವುದಿಲ್ಲ. ನಾನು ಬಿಚ್ಚಿ ನೋಡಿದ ಇಂಥ ಗಾಡಿಗಳಲ್ಲಿ ಹೆಚ್ಚಿನವುಗಳ ಮೋಟಾರ್ ಸುಸ್ಥಿತಿಯಲ್ಲಿಯೇ ಇತ್ತು. ದೋಷವಿದ್ದದ್ದು ಬ್ಯಾಟರಿಯಲ್ಲಿ, ಕಿಲುಬು ಹಿಡಿದ ಜೋಡಣೆಯಲ್ಲಿ, ಇಲ್ಲವೇ ಕೆಲವೇ ರೂಪಾಯಿ ಬೆಲೆಯ ಒಂದು ಸ್ವಿಚ್ಚಿನಲ್ಲಿ. ಈ ಸಂಗತಿ ಗಾಡಿಯ ಮಾಲೀಕರಿಗೂ ಅದನ್ನು ಹಂಚುವ ಇಲಾಖೆಗಳಿಗೂ ಮುಟ್ಟಬೇಕೆಂಬ ಉದ್ದೇಶದಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ವಿಕಲಚೇತನರಿಗೆ ಸಾಧನ ಸಲಕರಣೆಗಳನ್ನು ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ನಡೆದುಬಂದಿದೆ. ಅದರ ಅಡಿಯಲ್ಲಿ ಬರುವ ತ್ರಿಚಕ್ರ ವಾಹನಗಳಲ್ಲಿ ಬಹಳಷ್ಟು, ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ, ಕೃತಕ ಅಂಗಗಳನ್ನು ತಯಾರಿಸುವ ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆಯಲ್ಲಿ ತಯಾರಾಗುತ್ತವೆ. ಇವಲ್ಲದೆ ಜನಪ್ರತಿನಿಧಿಗಳ ಅನುದಾನದಲ್ಲಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ಕೊಂಡು ಕೊಟ್ಟ ಬೇರೆ ಬೇರೆ ತಯಾರಿಕೆಯ ಗಾಡಿಗಳೂ ನಮ್ಮ ಭಾಗದಲ್ಲಿವೆ. ರಾಜ್ಯ ಸರ್ಕಾರ ಕೊಡುವ ಹೆಚ್ಚುವರಿ ಗಾಲಿಗಳ ಪೆಟ್ರೋಲ್ ಸ್ಕೂಟರ್ ಕೆಟ್ಟರೆ ಅದನ್ನು ದುರಸ್ತಿ ಮಾಡುವ ಮೆಕ್ಯಾನಿಕ್ ಪ್ರತಿ ಹೋಬಳಿಯಲ್ಲಿಯೂ ಸಿಗುತ್ತಾನೆ. ಬ್ಯಾಟರಿ ಗಾಡಿಯದು ಹಾಗಲ್ಲ. ಸೈಕಲ್ ಅಂಗಡಿಯವರು ಅದರ ಪಂಕ್ಚರ್ ತೆಗೆಯುತ್ತಾರೆ, ಬ್ರೇಕ್ ಬಿಗಿ ಮಾಡುತ್ತಾರೆ, ವೈರು ಕಂಡರೆ ಕೈ ಹಿಂದೆಗೆಯುತ್ತಾರೆ. ಸ್ಕೂಟರ್ ಮೆಕ್ಯಾನಿಕ್‌ಗಳು ‘ಇದು ನಮ್ಮ ಲೈನ್ ಅಲ್ಲ’ ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು, ಪರೀಕ್ಷೆ ಮಾಡದೆ, ಇರುವುದರಲ್ಲಿ ದುಬಾರಿಯಾದ ಬಿಡಿಭಾಗದ ಹೆಸರನ್ನು ಹೇಳಿ ಕಳಿಸುತ್ತಾರೆ. ತಿಂಗಳ ಮಾಸಾಶನವನ್ನೇ ನೆಚ್ಚಿಕೊಂಡಿರುವ ಮನೆಯವರು ಆ ಮೊತ್ತ ಕೇಳಿಯೇ ಗಾಡಿಗೆ ತಾಡಪತ್ರಿ ಹೊದಿಸಿಬಿಡುತ್ತಾರೆ.

ಹುಬ್ಬಳ್ಳಿಯಲ್ಲಿ ರಸ್ತೆ ಬದಿಗೆ ಮೊಬೈಲ್ ಕವರ್ ಮತ್ತು ಚಾರ್ಜರ್ ಮಾರುವ ಯುವಕರೊಬ್ಬರ ಗಾಡಿಯ ಉದಾಹರಣೆಯನ್ನು ಕೊಡುತ್ತೇನೆ. ‘ದೀಪ ಹತ್ತತೈತ್ರಿ, ಹಾರನ್ನೂ ಹೊಡಿತೈತ್ರಿ, ಗಾಡಿ ಮಾತ್ರ ಮುಂದಕ್ಕ ಹೋಗವಲ್ತು’ ಎಂದು ಅವರು ಹೇಳಿದ್ದರಲ್ಲಿಯೇ ಅರ್ಧ ಪರೀಕ್ಷೆ ಮುಗಿದಿತ್ತು. ಅದಕ್ಕೂ ಮೊದಲು ಒಂದು ಅಂಗಡಿಯಲ್ಲಿ ಅವರಿಗೆ ಕಂಟ್ರೋಲರ್ ಬದಲಿಸಬೇಕೆಂದು ಹೇಳಲಾಗಿತ್ತು. ಇಂಥ ಗಾಡಿಗಳ ಬ್ರೇಕ್ ಹಿಡಿಕೆಯೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಬ್ರೇಕ್ ಹಿಡಿದ ಕೂಡಲೇ ಮೋಟಾರಿಗೆ ಹೋಗುವ ಶಕ್ತಿಯನ್ನು ನಿಲ್ಲಿಸುವಂತೆ ಅದು ಕಂಟ್ರೋಲರ್‌ಗೆ ಸೂಚನೆ ಕೊಡುತ್ತದೆ. ಇವರ ಗಾಡಿಯಲ್ಲಿ ಎಡಗೈ ಹಿಡಿಕೆಯ ಸಂದಿಯಲ್ಲಿ ಎರೆಮಣ್ಣಿನ ಧೂಳೂ ಹಳೆಯ ಗ್ರೀಸೂ ಸೇರಿ ಕರಿಯ ಅಂಟಾಗಿ ಕುಳಿತು, ಹಿಡಿಕೆ ಪೂರ್ತಿ ಹಿಂದಕ್ಕೆ ಬರದೆ ಒಂದು ಕಾಳಿನಷ್ಟು ಒಳಗೇ ನಿಂತಿತ್ತು. ಹೊರಗಿನಿಂದ ನೋಡಿದರೆ ಬ್ರೇಕ್ ಬಿಟ್ಟಂತೆಯೇ ಕಾಣುತ್ತಿತ್ತು. ಕಂಟ್ರೋಲರ್‌ನ ಲೆಕ್ಕದಲ್ಲಿ ಮಾತ್ರ ಬ್ರೇಕ್ ಹಿಡಿದೇ ಇತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಒಂದಿಷ್ಟು ಸೀಮೆಎಣ್ಣೆ ಹಚ್ಚಿ ಸಂದಿಯನ್ನು ಉಜ್ಜಿ ಒರೆಸಿದ ಮೇಲೆ ಹಿಡಿಕೆ ಟಕ್ಕನೆ ಹಿಂದಕ್ಕೆ ಬಂದಿತು, ಗಾಡಿ ಚಲಿಸಿತು. ಒಂದು ಮಳೆಗಾಲವಿಡೀ ಅವರು ಆಟೊ ಬಾಡಿಗೆ ಕೊಟ್ಟು ವ್ಯಾಪಾರಕ್ಕೆ ಬಂದುಹೋಗಿದ್ದರು.

ಹೀಗಾಗಿ, ದೀಪ ಹತ್ತುತ್ತದೆ ಆದರೆ ಗಾಡಿ ಮಿಸುಕುವುದಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಎರಡೂ ಬ್ರೇಕ್ ಹಿಡಿಕೆಗಳನ್ನು. ಬಹುತೇಕ ಗಾಡಿಗಳಲ್ಲಿ ಬ್ರೇಕ್ ಸ್ವಿಚ್ಚಿನ ಎರಡು ವೈರಿನ ಕಪ್ಲರನ್ನು (ವೈರುಗಳನ್ನು ಜೋಡಿಸುವ, ಬಿಡಿಸಬಹುದಾದ ಕೊಂಡಿ) ಕಂಟ್ರೋಲರ್ ಬಳಿ ಬಿಡಿಸಿದರೆ, ದೋಷ ಸ್ವಿಚ್ಚಿನಲ್ಲಿಯೇ ಇದ್ದ ಪಕ್ಷದಲ್ಲಿ ಮೋಟಾರ್ ತಿರುಗತೊಡಗುತ್ತದೆ. ಇದು ಪರೀಕ್ಷೆಗೆ ಮಾತ್ರ. ಕಪ್ಲರ್ ಬಿಡಿಸಿಟ್ಟು ರಸ್ತೆಗೆ ಇಳಿಯುವುದು ಅಪಾಯ, ಏಕೆಂದರೆ ಆಗ ಬ್ರೇಕ್ ಹಿಡಿದರೂ ಮೋಟಾರ್ ಎಳೆಯುತ್ತಲೇ ಇರುತ್ತದೆ. ನಂತರ ನೋಡಬೇಕಾದದ್ದು ಎಕ್ಸಲೇಟರ್. ಅದು ಪೂರ್ತಿ ಹಿಂದಕ್ಕೆ ತಿರುಗಿ ನಿಂತಿರದಿದ್ದರೆ, ಬೀಗದ ಕೈ ತಿರುಗಿಸಿದ ಕೂಡಲೇ ಗಾಡಿ ನುಗ್ಗಬಾರದೆಂಬ ಕಾರಣಕ್ಕೆ ಅನೇಕ ಕಂಟ್ರೋಲರ್‌ಗಳು ಮೋಟಾರನ್ನು ಚಾಲೂ ಮಾಡುವುದೇ ಇಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದರೆ, ಎಕ್ಸಲೇಟರಿಗೆ ಹೋಗುವ ಮೂರು ಸಣ್ಣ ವೈರುಗಳಲ್ಲಿ ಒಂದರಲ್ಲಿ ಸುಮಾರು 5 ವೋಲ್ಟ್ ಇರಬೇಕು. ಸೂಚನೆ ಒಯ್ಯುವ ವೈರಿನಲ್ಲಿ ಹಿಡಿಕೆ ಬಿಟ್ಟಾಗ ಒಂದು ವೋಲ್ಟಿನ ಆಸುಪಾಸು, ಪೂರ್ತಿ ತಿರುಗಿಸಿದಾಗ ಮೂರೂವರೆಗಿಂತ ಹೆಚ್ಚು ಬರಬೇಕು. ತಿರುಗಿಸಿದರೂ ಮೀಟರಿನ ಅಂಕಿ ಏರದಿದ್ದರೆ ಎಕ್ಸಲೇಟರ್ ಒಂದನ್ನು ಬದಲಿಸಿದರೆ ಸಾಕು, ಕಂಟ್ರೋಲರನ್ನು ಮುಟ್ಟುವ ಅಗತ್ಯವೇ ಇಲ್ಲ.

ಎರಡನೆಯ ಬಗೆಯ ದೂರು ಇದಕ್ಕಿಂತ ಹೆಚ್ಚು ಸಲ ಬರುತ್ತದೆ. ಗಾಡಿ ಸಪಾಟು ರಸ್ತೆಯಲ್ಲಿ ಹೋಗುತ್ತದೆ, ಏರು ಬಂದರೆ ನಿಲ್ಲುತ್ತದೆ. ನಿಂತಾಗ ದೀಪ ನಂದಿ, ಎಕ್ಸಲೇಟರ್ ಬಿಟ್ಟ ಮೇಲೆ ಮತ್ತೆ ಹತ್ತುತ್ತದೆ. ಧಾರವಾಡದ ಏರುತಗ್ಗುಗಳಲ್ಲಿ ಗಾಡಿ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಇದನ್ನು ಮೋಟಾರಿನ ದೌರ್ಬಲ್ಯವೆಂದು ಭಾವಿಸುವವರೇ ಹೆಚ್ಚು. ಆದರೆ ಏರಿನಲ್ಲಿ ಮೋಟಾರ್ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಅಷ್ಟನ್ನು ಕೊಡಲಾರದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಕುಸಿತ ಒಂದು ಮಿತಿಯನ್ನು ದಾಟಿದ ಕೂಡಲೇ ಬ್ಯಾಟರಿ ಹಾಳಾಗದಿರಲೆಂದು ಕಂಟ್ರೋಲರ್ ತಾನೇ ಕೈ ಬಿಡುತ್ತದೆ. 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿದ 24 ವೋಲ್ಟಿನ ಗಾಡಿಯಲ್ಲಿ ಈ ಮಿತಿ ಸಾಮಾನ್ಯವಾಗಿ 21 ವೋಲ್ಟಿನ ಹತ್ತಿರ ಇರುತ್ತದೆ. ಅಂದರೆ ಕಂಟ್ರೋಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ, ಅದನ್ನೇ ನಾವು ಕೆಟ್ಟಿತೆಂದು ಕಿತ್ತು ಹಾಕುತ್ತೇವೆ.

ಬ್ಯಾಟರಿಯನ್ನು ಪರೀಕ್ಷಿಸುವ ವಿಷಯದಲ್ಲಿ ನಮ್ಮ ವೃತ್ತಿಯವರೇ ಅವಸರ ಮಾಡುತ್ತಾರೆಂದು ಬೇಸರದಿಂದ ಹೇಳಬೇಕಾಗಿದೆ. ಚಾರ್ಜರ್ ಕಿತ್ತ ತಕ್ಷಣ ಮೀಟರ್ ಹಚ್ಚಿ ‘ಹದಿಮೂರು ತೋರಿಸ್ತೈತಿ, ಬ್ಯಾಟರಿ ಚಲೋ ಐತಿ’ ಎಂದುಬಿಡುವುದು ಪರೀಕ್ಷೆಯಲ್ಲ. ಚಾರ್ಜ್ ಆದ ಮೇಲೆ ಕೆಲವು ತಾಸು ಸುಮ್ಮನೆ ಬಿಟ್ಟು ನೋಡಿದಾಗ, ಸೀಸದ ಪ್ಲೇಟಿನ 12 ವೋಲ್ಟ್ ಬ್ಯಾಟರಿ ಸುಮಾರು 12.7 ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ, 12.2ರ ಹತ್ತಿರವಿದ್ದರೆ ಅರ್ಧ ಖಾಲಿ; 12ಕ್ಕಿಂತ ಕೆಳಗಿದ್ದರೆ ಅದು ಬಳಲಿದೆ. ಅಷ್ಟೂ ಸರಿಯಿದ್ದರೂ ಕೆಲಸ ಮಾಡುವಾಗ ಅದು ಹೇಗಿರುತ್ತದೆ ಎಂಬುದೇ ಮುಖ್ಯ. ಗಾಡಿಯ ಮಾಲೀಕರು ಕುಳಿತು ಸಣ್ಣ ಏರಿನಲ್ಲಿ ಸಾಗುವಾಗ, ಮೀಟರಿನ ವೈರುಗಳನ್ನು ಬ್ಯಾಟರಿಗೆ ಕಚ್ಚಿಸಿಕೊಂಡು ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತಾ ಅಂಕಿಯನ್ನು ನೋಡಬೇಕು. ಜೋಡಿಯಾಗಿ ಇರುವ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು, ಏಕೆಂದರೆ ಒಟ್ಟು ಮೊತ್ತ ನೋಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಒಂದು 12ರ ಮೇಲೆ ನಿಂತು ಇನ್ನೊಂದು 10ಕ್ಕೆ ಇಳಿದರೆ ರೋಗ ಎಲ್ಲಿದೆ ಎಂಬುದು ಸ್ಪಷ್ಟ. ಜೋಡೆತ್ತಿನಲ್ಲಿ ಒಂದು ಮುಗ್ಗರಿಸಿದರೆ ಬಂಡಿಯೇ ನಿಲ್ಲುವಂತೆ ಇಲ್ಲಿಯೂ ದುರ್ಬಲವಾದದ್ದು ಎಷ್ಟು ಎಳೆಯಬಲ್ಲದೋ ಗಾಡಿ ಅಷ್ಟೇ ಹೋಗುತ್ತದೆ.

ಮೀಟರ್ ಇಲ್ಲದ ಹಳ್ಳಿಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಕಾರಿನ ಹೆಡ್‌ಲೈಟಿಗೆ ಹಾಕುವ 12 ವೋಲ್ಟ್, 55 ವ್ಯಾಟಿನ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಸೆಳೆಯುತ್ತದೆ. ಅದನ್ನು ಒಂದೊಂದೇ ಬ್ಯಾಟರಿಗೆ ಹತ್ತು ನಿಮಿಷ ಹಚ್ಚಿಡಬೇಕು. ಒಳ್ಳೆಯ ಬ್ಯಾಟರಿಯಲ್ಲಿ ಬೆಳಕು ಒಂದೇ ಸಮನಾಗಿರುತ್ತದೆ, ಕೆಟ್ಟದ್ದರಲ್ಲಿ ನೋಡನೋಡುತ್ತಲೇ ಕೆಂಪಗಾಗಿ ಮಂಕಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಯಾರಿಗಾದರೂ ತಿಳಿಯುತ್ತದೆ. ಬಲ್ಬಿನ ಗಾಜು ಬಹಳ ಕಾಯುವುದರಿಂದ ಅದನ್ನು ಸೀಟಿನ ರೆಗ್ಜಿನ್ ಮೇಲೆ ಇಡಬಾರದು.

ಬ್ಯಾಟರಿ ಬದಲಿಸುವುದೇ ಆದರೆ ಜೋಡಿಯನ್ನೇ ಬದಲಿಸಬೇಕು, ಎರಡೂ ಒಂದೇ ತಯಾರಿಕೆಯವು, ಒಂದೇ ಅಳತೆಯವು ಆಗಿರಬೇಕು. ಹಣ ಉಳಿಸಲೆಂದು ಹಳೆಯದರ ಜೊತೆ ಒಂದು ಹೊಸದನ್ನು ಜೋಡಿಸಿದರೆ, ಹಳೆಯದು ಬೇಗ ತುಂಬಿ ಬೇಗ ಖಾಲಿಯಾಗುತ್ತದೆ, ಹೊಸದು ಎಂದೂ ಸರಿಯಾಗಿ ತುಂಬುವುದಿಲ್ಲ. ಕೊನೆಗೆ ಎರಡೂ ಹಾಳು. ಹಳೆಯ ಸೀಸದ ಬ್ಯಾಟರಿಯನ್ನು ಅಂಗಡಿಗೆ ಮರಳಿಸಿದರೆ ಅದಕ್ಕೂ ಬೆಲೆ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯವನ್ನು ಮರಳಿ ಸಂಗ್ರಹಿಸಿ ಸಂಸ್ಕರಣೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಗುಜರಿಯವರಿಗೆ ಕೊಟ್ಟು, ಅವರು ಅದನ್ನು ಒಡೆದು ಆಮ್ಲವನ್ನು ಗಟಾರಕ್ಕೆ ಚೆಲ್ಲುವಂತೆ ಆಗಬಾರದು.

ಬ್ಯಾಟರಿ ಅಕಾಲದಲ್ಲಿ ಸಾಯುವುದಕ್ಕೆ ಓಡಾಟಕ್ಕಿಂತ ಓಡಾಟವಿಲ್ಲದಿರುವುದೇ ದೊಡ್ಡ ಕಾರಣ ಎಂಬುದನ್ನು ಗಾಡಿ ಕೊಡುವ ದಿನವೇ ಯಾರಾದರೂ ಬಿಡಿಸಿ ಹೇಳಬೇಕಿತ್ತು. ಸೀಸದ ಬ್ಯಾಟರಿಯನ್ನು ಅರ್ಧ ಖಾಲಿ ಇರುವಾಗಲೇ ತಿಂಗಳುಗಟ್ಟಲೆ ಮೂಲೆಗಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಬಳಸದೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ, ಬೇಸಿಗೆಯ ಕಾವಿನಲ್ಲಿ ಇನ್ನೂ ಬೇಗ. ಆಸ್ಪತ್ರೆ, ಹೆರಿಗೆ, ಊರಿನ ಜಾತ್ರೆ ಎಂದು ಯಾವ ಕಾರಣಕ್ಕೆ ಗಾಡಿ ನಿಂತರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಬೇಕು. ಓಡಿಸಿದ ದಿನವಂತೂ ಎಷ್ಟೇ ಕಡಿಮೆ ದೂರ ಹೋಗಿದ್ದರೂ ಅದೇ ರಾತ್ರಿ ಚಾರ್ಜಿಗೆ ಹಾಕಬೇಕು. ‘ಪೂರ್ತಿ ಖಾಲಿಯಾಗಲಿ, ಆಮೇಲೆ ಹಾಕೋಣ’ ಎಂಬ ಮಾತು ನಮ್ಮ ಜನರಲ್ಲಿ ಎಲ್ಲಿಂದ ಬಂದು ಕುಳಿತಿತೋ ತಿಳಿಯದು, ಸೀಸದ ಬ್ಯಾಟರಿಗೆ ಅದು ವಿಷವಿದ್ದಂತೆ.

ಚಾರ್ಜರ್‌ನ ದೀಪವನ್ನು ಕುರುಡಾಗಿ ನಂಬಬಾರದು. ಹಚ್ಚಿದ ಎರಡೇ ನಿಮಿಷದಲ್ಲಿ ಹಸಿರು ಬಂದರೆ ಬ್ಯಾಟರಿ ತುಂಬಿದೆ ಎಂದೇ ಅರ್ಥವಲ್ಲ. ಸಲ್ಫೇಟು ಕಟ್ಟಿದ ಬ್ಯಾಟರಿ ಚಾರ್ಜನ್ನು ಒಳಗೆ ತೆಗೆದುಕೊಳ್ಳದಿದ್ದರೂ, ಮಧ್ಯದ ಫ್ಯೂಸು ಹೋಗಿದ್ದರೂ, ಚಾರ್ಜಿಂಗ್ ಸಾಕೆಟ್ಟಿನ ಒಳಗಿನ ವೈರು ಕಿತ್ತಿದ್ದರೂ ಹಸಿರೇ ಬರುತ್ತದೆ. ಚಾರ್ಜಿಗೆ ಹಾಕಿದ ಸ್ಥಿತಿಯಲ್ಲಿ 24 ವೋಲ್ಟಿನ ಜೋಡಿಯ ಮೇಲೆ ಮೀಟರ್ ಹಿಡಿದರೆ ಅಂಕಿ ನಿಧಾನವಾಗಿ ಏರುತ್ತಾ ಕೊನೆಯ ಹಂತದಲ್ಲಿ 27ರಿಂದ 29ರ ನಡುವೆ ಬರಬೇಕು. ಚಾರ್ಜರ್ ಹಾಕುವ ಮೊದಲು ಎಷ್ಟಿತ್ತೋ ಹಾಕಿದ ಮೇಲೂ ಅಷ್ಟೇ ಇದ್ದರೆ ವಿದ್ಯುತ್ತು ಬ್ಯಾಟರಿಯನ್ನು ತಲುಪುತ್ತಲೇ ಇಲ್ಲ.

ಇನ್ನು ಜೋಡಣೆಗಳ ವಿಷಯ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದ ಭಾಗ ಇದೇ ಆಗಿರುವುದರಿಂದ ಸಂಪಾದಕರು ನನಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕೆಂದು ಕೋರುತ್ತೇನೆ. ಸೀಟಿನ ಕೆಳಗಿನ ಪೆಟ್ಟಿಗೆ ತೆರೆದರೆ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಹೂವಿಟ್ಟಂತೆ ಕುಳಿತಿರುತ್ತದೆ. ಲಗ್ಗಿನ (ವೈರನ್ನು ಟರ್ಮಿನಲ್‌ಗೆ ಬಿಗಿಯುವ ಲೋಹದ ತುದಿ) ಹತ್ತಿರ ಕೆಂಪು ವೈರಿನ ರಬ್ಬರು ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಬೆರಳಿನಿಂದ ಅಲುಗಿಸಿದರೆ ಲಗ್ಗು ತಿರುಗುತ್ತದೆ. ಇಂಥ ಜೋಡಣೆಯಲ್ಲಿ 0.05 ಓಮ್‌ನಷ್ಟು ಅಲ್ಪ ತಡೆ ಉಂಟಾದರೂ ಸಾಕು. ಏರಿನಲ್ಲಿ 30 ಆಂಪಿಯರ್ ಹರಿಯುವಾಗ ಆ ಒಂದೇ ಜಾಗದಲ್ಲಿ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ ಮತ್ತು 45 ವ್ಯಾಟಿನಷ್ಟು ಶಕ್ತಿ ಬರೀ ಶಾಖವಾಗುತ್ತದೆ. ಬೆಸುಗೆ ಹಾಕುವ ಸಣ್ಣ ಕಬ್ಬಿಣವೊಂದನ್ನು ಸೀಟಿನ ಕೆಳಗೆ ಹಚ್ಚಿಟ್ಟಷ್ಟು ಶಾಖ ಅದು. ಗಾಡಿ ನಿಂತಿರುವಾಗ ಮೀಟರ್ ಇಟ್ಟರೆ ಈ ದೋಷ ಕಾಣಿಸುವುದೇ ಇಲ್ಲ, ಏಕೆಂದರೆ ಆಗ ವಿದ್ಯುತ್ತು ಹರಿಯುತ್ತಿರುವುದಿಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಟರ್ಮಿನಲ್ ಮೇಲೆ, ಇನ್ನೊಂದನ್ನು ಅದಕ್ಕೆ ಬಿಗಿದ ಲಗ್ಗಿನ ಮೇಲೆ ಇಟ್ಟು ಗಾಡಿಯನ್ನು ಓಡಿಸಿ ನೋಡಬೇಕು. ಒಳ್ಳೆಯ ಜೋಡಣೆಯಲ್ಲಿ ಅಂಕಿ ಸೊನ್ನೆಯ ಹತ್ತಿರವೇ ಇರುತ್ತದೆ. ಅರ್ಧ ವೋಲ್ಟ್ ತೋರಿಸಿದರೂ ಅದನ್ನು ಬಿಚ್ಚಿ ಶುದ್ಧ ಮಾಡಬೇಕು. ಫ್ಯೂಸ್ ಹೋಲ್ಡರ್, ಮುಖ್ಯ ಸ್ವಿಚ್ಚು, ದೊಡ್ಡ ಕಪ್ಲರ್ ಇವೆಲ್ಲವನ್ನೂ ಇದೇ ರೀತಿ ಒಂದಾದ ಮೇಲೊಂದು ನೋಡುತ್ತಾ ಹೋದರೆ ವೋಲ್ಟು ಎಲ್ಲಿ ಸೋರುತ್ತಿದೆ ಎಂಬುದು ತಾನೇ ತಿಳಿಯುತ್ತದೆ.

ಶುದ್ಧ ಮಾಡುವುದು ಕಷ್ಟದ ಕೆಲಸವಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಬಟ್ಟೆಯಿಂದ ಪುಡಿಯನ್ನು ಒರೆಸಿ, ಒಣಗಿದ ಮೇಲೆ ಎಮರಿ ಪೇಪರಿನಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿದರೆ ಮುಗಿಯಿತು. ಆದರೆ ಕೈ ಹಾಕುವ ಮೊದಲು ಬೀಗದ ಕೈ ತೆಗೆದು, ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಬೇಕು ಮತ್ತು ಮೊದಲು ಕಪ್ಪು ವೈರನ್ನು ಬಿಚ್ಚಬೇಕು. 24 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲವೆಂಬ ಧೈರ್ಯದಲ್ಲಿ ಕಬ್ಬಿಣದ ಪಾನಾ ಎರಡೂ ಟರ್ಮಿನಲ್‌ಗಳಿಗೆ ತಾಗಿದರೆ, ಆ ಕ್ಷಣದಲ್ಲಿ ಹರಿಯುವ ವಿದ್ಯುತ್ತು ಪಾನಾವನ್ನೇ ಕೆಂಪಗೆ ಕಾಯಿಸಬಲ್ಲದು. ಫ್ಯೂಸು ಹೋದ ಕಡೆ ತಾಮ್ರದ ತಂತಿ ಸುತ್ತುವ ಕೆಟ್ಟ ರೂಢಿಯನ್ನಂತೂ ಕೂಡಲೇ ಬಿಡಬೇಕು. ಕೆಳಗೆ ಬೆಂಕಿ ಹತ್ತಿದರೆ ಥಟ್ಟನೆ ಎದ್ದು ದೂರ ಓಡಲಾಗದವರು ಆ ಸೀಟಿನ ಮೇಲೆ ಕುಳಿತಿರುತ್ತಾರೆ ಎಂಬುದನ್ನು ತಂತಿ ಸುತ್ತುವವರು ಒಂದು ಕ್ಷಣ ಯೋಚಿಸಬೇಕು. ಲಿಥಿಯಂ ಬ್ಯಾಟರಿ ಇರುವ ಹೊಸ ಗಾಡಿಗಳಲ್ಲಿ ಆ ಪೆಟ್ಟಿಗೆಯನ್ನು ಯಾರೂ ತೆರೆಯಬಾರದು. ಅದಕ್ಕೆ ಅದರದೇ ಚಾರ್ಜರನ್ನು ಮಾತ್ರ ಹಚ್ಚಬೇಕು, ದೋಷ ಕಂಡರೆ ತಯಾರಕರಿಗೇ ಒಪ್ಪಿಸಬೇಕು. ಮೇಲೆ ಹೇಳಿದ ವೋಲ್ಟಿನ ಅಂಕಿಗಳೂ ಅದಕ್ಕೆ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆಯೇ ಮೋಟಾರಿನ ಹತ್ತಿರ ಹೋಗಬೇಕು. ಗಾಲಿಯೊಳಗೇ ಮೋಟಾರ್ ಇರುವ ಗಾಡಿಗಳಲ್ಲಿ ಮೂರು ದಪ್ಪ ವೈರುಗಳೂ ಐದು ಸಣ್ಣ ವೈರುಗಳೂ ಹೊರಬರುತ್ತವೆ. ದಪ್ಪ ವೈರುಗಳು ಶಕ್ತಿಯನ್ನು ಒಯ್ಯುತ್ತವೆ. ಸಣ್ಣವು ಗಾಲಿ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಹಾಲ್ ಸೆನ್ಸರ್‌ಗಳವು. ಗಾಡಿ ಗೊರಗೊರ ಸದ್ದು ಮಾಡಿ ನಡುಗಿ ನಿಂತು, ಯಾರಾದರೂ ಹಿಂದಿನಿಂದ ತಳ್ಳಿದರೆ ಮುಂದಕ್ಕೆ ಹೋಗುವಂತಿದ್ದರೆ, ಈ ಸಣ್ಣ ವೈರುಗಳಲ್ಲೊಂದು ತುಂಡಾಗಿದೆ, ಅದರ ಕಪ್ಲರಿನಲ್ಲಿ ನೀರು ಇಳಿದಿದೆ, ಇಲ್ಲವೇ ಒಂದು ಸೆನ್ಸರ್ ಕೆಟ್ಟಿದೆ ಎಂದು ತಿಳಿಯಬಹುದು. ಬೀಗದ ಕೈ ತಿರುಗಿಸಿಟ್ಟು ಗಾಲಿಯನ್ನು ಕೈಯಿಂದ ನಿಧಾನವಾಗಿ ಸುತ್ತಿಸಿದಾಗ, ಈ ಐದರ ಪೈಕಿ ಸೂಚನೆ ಒಯ್ಯುವ ಮೂರೂ ವೈರುಗಳಲ್ಲಿ ವೋಲ್ಟು ಸೊನ್ನೆಗೆ ಇಳಿದು ಐದರ ಹತ್ತಿರಕ್ಕೆ ಏರುತ್ತಿರಬೇಕು; ಯಾವುದು ಬದಲಾಗದೆ ನಿಲ್ಲುತ್ತದೋ ಅಲ್ಲಿ ದೋಷವಿದೆ. ಈ ಪರೀಕ್ಷೆಗೆ ಗಾಲಿಯನ್ನು ನೆಲದಿಂದ ಎತ್ತಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು ನಿಲ್ಲಿಸುವುದನ್ನು ಮರೆಯಬಾರದು.

ಕಂಟ್ರೋಲರ್ ನಿಜಕ್ಕೂ ಸುಟ್ಟಿದೆಯೇ ಎಂದು ತಿಳಿಯಲು ದುಬಾರಿ ಉಪಕರಣವೇನೂ ಬೇಡ. ಬೀಗದ ಕೈ ತೆಗೆದಿರುವಾಗಲೂ ಗಾಲಿ ತಡೆತಡೆದು, ಜಗ್ಗಿ ಜಗ್ಗಿ ತಿರುಗುತ್ತಿದ್ದರೆ, ಮೂರು ದಪ್ಪ ವೈರುಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಟ್ಟು ಮತ್ತೆ ತಿರುಗಿಸಬೇಕು. ಈಗ ಸಲೀಸಾಗಿ ತಿರುಗಿದರೆ ಕಂಟ್ರೋಲರ್‌ನೊಳಗೆ ಶಾರ್ಟ್ ಆಗಿದೆ. ಬಿಡಿಸಿದ ಮೇಲೂ ಹಾಗೆಯೇ ಜಗ್ಗಿದರೆ ಮೋಟಾರಿನ ಸುರುಳಿಯಲ್ಲಿ ಅಥವಾ ಅದರ ವೈರಿನಲ್ಲಿ ಶಾರ್ಟ್ ಇದೆ. ಅದರಲ್ಲಿಯೂ ಅಚ್ಚಿನಿಂದ ಹೊರಬರುವ ಜಾಗದಲ್ಲಿ ವೈರು ಉಜ್ಜಿ ಹೋಗಿರುವುದೇ ಹೆಚ್ಚು. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಸಾವಿರಾರು ರೂಪಾಯಿಯ ಭಾಗವನ್ನು ಬದಲಿಸಲು ಹೇಳುವುದು ನಮ್ಮ ವೃತ್ತಿಗೆ ಶೋಭೆಯಲ್ಲ. ಹಳೆಯ ಮಾದರಿಯ ಗಾಡಿಗಳಲ್ಲಿ ಕಾರ್ಬನ್ (ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಸಣ್ಣ ತುಂಡು) ಇರುವ ಮೋಟಾರ್ ಇದ್ದರೆ, ಬಹಳ ದಿನ ನಿಂತದ್ದರಿಂದ ಕಾರ್ಬನ್ ತನ್ನ ಗೂಡಿನಲ್ಲಿಯೇ ಸಿಕ್ಕಿಕೊಂಡಿರುವ ಸಾಧ್ಯತೆಯೂ ಇದೆ. ಅದನ್ನು ಬಿಡಿಸುವುದು, ಸವೆದಿದ್ದರೆ ಬದಲಿಸುವುದು ಮೋಟಾರಿನ ಸುರುಳಿ ಸುತ್ತುವ ರಿವೈಂಡಿಂಗ್ ಅಂಗಡಿಯವರಿಗೆ ನಿತ್ಯದ ಕೆಲಸ.

ನಮ್ಮ ಭಾಗದ ಎರೆಮಣ್ಣು ಈ ಗಾಡಿಗಳಿಗೆ ಪ್ರತ್ಯೇಕವಾಗಿ ಕಷ್ಟ ಕೊಡುತ್ತದೆ. ಮಳೆಯಲ್ಲಿ ಅಚ್ಚಿಗೂ ಕಪ್ಲರುಗಳಿಗೂ ಮೆತ್ತಿಕೊಂಡ ಮಣ್ಣು ಒಣಗಿ ಗಟ್ಟಿಯಾಗಿ, ಒಳಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ತೊಳೆಯಲು ವಾಟರ್ ಸರ್ವಿಸಿಗೆ ಒಯ್ದು ಪೈಪಿನ ರಭಸಕ್ಕೆ ಒಡ್ಡಿದರೆ ನೀರು ಕಂಟ್ರೋಲರ್ ಪೆಟ್ಟಿಗೆಯೊಳಗೆ ನುಗ್ಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ಇಲ್ಲಿಯವರೆಗೆ ಹೇಳಿದ ಯಾವ ಪರೀಕ್ಷೆಗೂ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, ಒಂದು ಬಲ್ಬು, ಪಾನಾ ಮತ್ತು ತಾಳ್ಮೆಗಿಂತ ಹೆಚ್ಚಿನದು ಬೇಕಾಗುವುದಿಲ್ಲ. ಆದರೂ ಇವು ನಡೆಯುತ್ತಿಲ್ಲ, ಏಕೆಂದರೆ ಗಾಡಿಯ ಜೊತೆ ಬರುವ ಕಿರುಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುತ್ತದೆ, ಅದರಲ್ಲಿ ವೈರಿಂಗ್ ನಕ್ಷೆ ಇದ್ದರೂ ಓದುವವರಿಲ್ಲ. ಗಾಡಿ ವಿತರಿಸಿದವರ ಹೊಣೆ ಕೀಲಿಕೈ ಹಸ್ತಾಂತರದೊಂದಿಗೆ ಮುಗಿದುಹೋಗುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು, 2017ರಿಂದ ಜಾರಿಯಲ್ಲಿದೆ. ಓಡಾಡುವ ಸೌಕರ್ಯವನ್ನು ಹಕ್ಕೆಂದು ಒಪ್ಪಿಕೊಂಡ ಮೇಲೆ, ಕೊಟ್ಟ ಗಾಡಿ ಓಡುವಂತೆ ನೋಡಿಕೊಳ್ಳುವುದು ಉಪಕಾರವಾಗಿ ಉಳಿಯುವುದಿಲ್ಲ.

ಇದಕ್ಕೆ ಹೊಸ ಕಚೇರಿಯನ್ನೇನೂ ತೆರೆಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾರ ಮನೆಯಲ್ಲಿ ಗಾಡಿ ನಿಂತಿದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವರಿಗೆ ಒಂದು ಮಲ್ಟಿಮೀಟರ್ ಕೊಟ್ಟು, ಬ್ರೇಕ್ ಸ್ವಿಚ್, ಬ್ಯಾಟರಿ, ಜೋಡಣೆ, ಚಾರ್ಜರ್ ಇಷ್ಟನ್ನು ಕ್ರಮವಾಗಿ ನೋಡುವುದನ್ನು ಕಲಿಸಿದರೆ, ಅಂಗಡಿಗೆ ಒಯ್ಯುವ ಮೊದಲೇ ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಬರೆದು ಕೊಡಬಲ್ಲರು. ಹಾಗೆ ಬರೆದ ಚೀಟಿ ಕೈಯಲ್ಲಿದ್ದರೆ ಯಾವ ಅಂಗಡಿಯವರೂ ಬಾಯಿಗೆ ಬಂದ ಭಾಗದ ಹೆಸರು ಹೇಳಲಾರರು. ಕಲಿಸುವ ಕೆಲಸಕ್ಕೆ ನಮ್ಮ ಸರ್ಕಾರಿ ಐಟಿಐಗಳಿವೆ. ರಾಜ್ಯದ ಹಲವು ಐಟಿಐಗಳಲ್ಲಿ ಈಗ ವಿದ್ಯುತ್ ವಾಹನ ಮೆಕ್ಯಾನಿಕ್ ತರಬೇತಿಯೂ ನಡೆಯುತ್ತಿದೆ. ಅಲ್ಲಿನ ವಿದ್ಯಾರ್ಥಿಗಳು ಮಾದರಿ ಹಲಗೆಯ ಮೇಲೆ ಕಲಿಯುವುದನ್ನು ಊರಿನ ನಿಂತ ಗಾಡಿಗಳ ಮೇಲೆ ಕಲಿತರೆ ಇಬ್ಬರಿಗೂ ಲಾಭ.

ಹಣದ ಪ್ರಶ್ನೆ ಮುಖ್ಯವಾಗಿ ಬ್ಯಾಟರಿಗೆ ಸಂಬಂಧಿಸಿದ್ದು, ಏಕೆಂದರೆ ಅದು ಸವೆದು ಹೋಗುವ ವಸ್ತು. ಎಷ್ಟು ಜೋಪಾನ ಮಾಡಿದರೂ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು ವಿಕಲಚೇತನರ ಕಲ್ಯಾಣಕ್ಕೆಂದು ಶೇಕಡಾ 5ರಷ್ಟು ಹಣವನ್ನು ತೆಗೆದಿಡುವ ವ್ಯವಸ್ಥೆ ನಮ್ಮಲ್ಲಿದೆ. ಆ ಹಣದಲ್ಲಿ ಹೊಸ ಸಲಕರಣೆ ಕೊಡಿಸುವಷ್ಟೇ ಮಹತ್ವವನ್ನು ಇರುವ ಗಾಡಿಗೆ ಒಂದು ಜೊತೆ ಬ್ಯಾಟರಿ ಹಾಕಿಸುವುದಕ್ಕೂ ಕೊಡಬೇಕೆಂದು ಪಂಚಾಯಿತಿ ಸದಸ್ಯರಲ್ಲಿಯೂ ಮಹಾನಗರ ಪಾಲಿಕೆಯ ಸದಸ್ಯರಲ್ಲಿಯೂ ವಿನಂತಿಸುತ್ತೇನೆ. ಒಂದು ಹೊಸ ಗಾಡಿಯ ಬೆಲೆಯಲ್ಲಿ ನಿಂತ ಹಲವು ಗಾಡಿಗಳು ಮತ್ತೆ ರಸ್ತೆಗೆ ಬರುತ್ತವೆ. ಸ್ವಂತ ಹಣದಲ್ಲಿ ಗಾಡಿ ಕೊಂಡವರು, ವಾರಂಟಿ ಇದ್ದೂ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು; ಬಿಲ್ಲು, ವಾರಂಟಿ ಕಾರ್ಡು ಮತ್ತು ಬ್ಯಾಟರಿಯ ಮೇಲೆ ಅಚ್ಚಾಗಿರುವ ತಿಂಗಳು-ವರ್ಷದ ಫೋಟೊವನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.

ಧಾರವಾಡ ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟು. ಇನ್ನು ಮುಂದೆ ವಿತರಿಸುವ ಪ್ರತಿ ಗಾಡಿಯ ಸೀಟಿನ ಕೆಳಗೆ, ಕನ್ನಡದಲ್ಲಿ ಮುದ್ರಿಸಿದ ವೈರಿಂಗ್ ನಕ್ಷೆಯನ್ನೂ ಪರೀಕ್ಷೆಯ ಕ್ರಮವನ್ನೂ ನೀರು ತಾಗದಂತೆ ಲ್ಯಾಮಿನೇಟ್ ಮಾಡಿ ಅಂಟಿಸಬೇಕು. ಖರೀದಿಯ ಕರಾರಿನಲ್ಲಿಯೇ ಬಿಡಿಭಾಗಗಳು ಜಿಲ್ಲಾ ಕೇಂದ್ರದಲ್ಲಿ ಸಿಗಬೇಕೆಂಬ ಷರತ್ತನ್ನು ಹಾಕಬೇಕು. ಈಗಾಗಲೇ ನಿಂತಿರುವ ಗಾಡಿಗಳಿಗಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಪ್ರತಿ ತಾಲ್ಲೂಕಿನಲ್ಲಿ ಒಂದು ದಿನದ ದುರಸ್ತಿ ಶಿಬಿರವನ್ನು ನಡೆಸಬೇಕು ಮತ್ತು ಗಾಡಿಯನ್ನು ಮನೆಯಿಂದ ಅಲ್ಲಿಗೆ ತರಲು ಒಂದು ಸಾಮಾನಿನ ಗಾಡಿಯ ವ್ಯವಸ್ಥೆ ಮಾಡಬೇಕು, ಏಕೆಂದರೆ ನಿಂತ ತ್ರಿಚಕ್ರವನ್ನು ಶಿಬಿರಕ್ಕೆ ತಳ್ಳಿಕೊಂಡು ಬರಲು ಅದರ ಮಾಲೀಕರಿಂದ ಆಗುವುದಿಲ್ಲ. ಅಂಥ ಶಿಬಿರಕ್ಕೆ ಮೀಟರು ಮತ್ತು ಪಾನಾ ಹಿಡಿದುಕೊಂಡು ಕೂಲಿಯಿಲ್ಲದೆ ಬರಲು ನಾನು ಸಿದ್ಧನಿದ್ದೇನೆ. ಹುಬ್ಬಳ್ಳಿಯ ಇತರ ಆಟೊ ಎಲೆಕ್ಟ್ರಿಷಿಯನ್‌ಗಳೂ ರಿವೈಂಡಿಂಗ್ ಅಂಗಡಿಯವರೂ ಕರೆದರೆ ಬರುತ್ತಾರೆ.

ಇಂತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್,
ಹಳೇ ಹುಬ್ಬ​ಳ್ಳಿ